ಓವನ್ನಿಗೆ ಕಟ್ಟಿದ ದಾರ

"ಗುರುಗಳೇ, ಉಪಕಾರ ಮಾಡಿದವರಿಗೆ ಕೃತಜ್ಞತೆಯನ್ನು ಹೇಗೆ ಸಲ್ಲಿಸಬೇಕು?" ಎಂದು ಶಿಷ್ಯ ಕೇಳಿದ. ಅವನು ಗುರುಗಳ ಪಾದಕ್ಕೆ ಹೂವಿಟ್ಟು, ಅವರನ್ನು ಏಳಲೂ ಬಿಡದೆ ಅರ್ಧ ಗಂಟೆಯಿಂದ ಎದುರಿಗೇ ಕುಳಿತಿದ್ದ.

ಗುರುಗಳು ಹೂವು ಬೀಳದ ಹಾಗೆ ಕಾಲನ್ನು ಸ್ವಲ್ಪ ಸರಿಸಿಕೊಂಡು ಹೇಳತೊಡಗಿದರು.

ಒಂದು ಊರಿನಲ್ಲಿ ದೊಡ್ಡ ಆಸ್ಪತ್ರೆಯ ಪಕ್ಕದಲ್ಲೇ ರೋಗಿಗಳ ಕಡೆಯವರು ಉಳಿದುಕೊಳ್ಳಲು ಒಂದು ಛತ್ರವಿತ್ತು. ಅಲ್ಲಿ ಒಲೆ ಹಚ್ಚಲು ಅಪ್ಪಣೆಯಿರಲಿಲ್ಲ. ಗುಣವಾಗಿ ಮನೆಗೆ ಹೋದ ಯಾರೋ ಪುಣ್ಯಾತ್ಮರು ಒಂದು ಮೈಕ್ರೊವೇವ್ ಓವನ್ ಕೊಟ್ಟಿದ್ದರು. ತಂದ ಊಟವನ್ನು ಎಲ್ಲರೂ ಅದರಲ್ಲೇ ಬಿಸಿ ಮಾಡಿಕೊಳ್ಳುತ್ತಿದ್ದರು. ಛತ್ರ ನೋಡಿಕೊಳ್ಳುವ ಹೆಂಗಸಿಗೆ ಅದರ ಮೇಲೆ ಬಹಳ ಭಕ್ತಿ. ಅದು ಬರುವ ಮೊದಲು ಎಷ್ಟೋ ಜನ ತಣ್ಣಗಿನ ಅನ್ನವನ್ನು ಕಷ್ಟಪಟ್ಟು ನುಂಗಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಆಯುಧಪೂಜೆಯ ದಿನ ಅವಳು ಓವನ್ನಿಗೆ ಕುಂಕುಮವಿಟ್ಟು ಹೂ ಮುಡಿಸಿದಳು. ಅರಿಸಿನದ ದಾರವನ್ನೂ ಕಟ್ಟಬೇಕೆನಿಸಿತು. ಆದರೆ ಅದರ ಬಾಗಿಲಿಗೆ ಹಿಡಿಯೇ ಇರಲಿಲ್ಲ. ಹುಡುಕಿ ಹುಡುಕಿ, ಬಾಗಿಲಿನ ಒಳಅಂಚಿನಲ್ಲಿದ್ದ ಪುಟ್ಟ ಕೊಕ್ಕೆಗೆ ಮೂರು ಸುತ್ತು ಸುತ್ತಿ ಗಂಟು ಹಾಕಿದಳು.

ಮರುದಿನ ಬೆಳಿಗ್ಗೆ ಒಬ್ಬ ನೇಕಾರ ಗಂಜಿಯ ಬಟ್ಟಲು ಹಿಡಿದು ಬಂದ. ಅವನ ಹೆಂಡತಿಗೆ ಗಂಟಲಿನ ಆಪರೇಷನ್ ಆಗಿ ನಾಲ್ಕು ದಿನವಾಗಿತ್ತು. ಅಂದು ಮೊದಲ ಸಲ ಬಾಯಿಂದ ಆಹಾರ ಕೊಡಲು ಡಾಕ್ಟರು ಒಪ್ಪಿದ್ದರು. ಗಂಜಿ ದಾರಿಯಲ್ಲೇ ಆರಿಹೋಗಿತ್ತು. ಅವಳಿಗೆ ಒಂದು ಚಮಚವೂ ಇಳಿದಿರಲಿಲ್ಲ. ಬೆಚ್ಚಗೆ ಮಾಡಿಕೊಂಡು ಹೋಗೋಣವೆಂದು ಅವನು ಬಟ್ಟಲನ್ನು ಓವನ್ನಿನಲ್ಲಿಟ್ಟ. ದೀಪ ಹತ್ತಿತು, ತಟ್ಟೆ ತಿರುಗಿತು. ಗಂಜಿ ಮಾತ್ರ ಇಟ್ಟ ಹಾಗೇ ಇತ್ತು.

ಅಲ್ಲಿದ್ದವರೆಲ್ಲ ಒಂದೊಂದು ಗಳಿಗೆ ಇಂಜಿನಿಯರಾದರು. ಒಬ್ಬರು ಕರೆಂಟಿಗೆ ಬಲವಿಲ್ಲ ಎಂದರು. ಒಬ್ಬರು ಪ್ಲಗ್ ಬದಲಿಸಿದರು. ಇನ್ನೊಬ್ಬರು ಒಂದು ನಿಮಿಷದ ಬದಲು ಐದು ನಿಮಿಷ ಇಟ್ಟರು. ಗಂಜಿ ಐದು ನಿಮಿಷ ಸುತ್ತು ಹೊಡೆಯಿತು, ಅಷ್ಟೇ.

ಕೊನೆಗೆ ರಿಪೇರಿಯವನನ್ನು ಕರೆಸಿದರು. ಅವನು ಗಾಜಿನ ಲೋಟದಲ್ಲಿ ನೀರಿಟ್ಟು ಒಂದು ನಿಮಿಷ ನಡೆಸಿ, ಬೆರಳದ್ದಿ ನೋಡಿದ. ನೀರು ತಣ್ಣಗಿತ್ತು. ಬಾಗಿಲನ್ನು ಎರಡು ಸಲ ತೆಗೆದು ಮುಚ್ಚಿದ. ಆಮೇಲೆ ದಾರದ ಕಡೆ ಕೈ ತೋರಿಸಿದ.

"ಮೆಷಿನ್ ಚೆನ್ನಾಗೇ ಇದೆ ಅಮ್ಮ. ಈ ಕೊಕ್ಕೆ ಪೂರ್ತಿ ಒಳಗೆ ಕೂತರೆ ಮಾತ್ರ ಬಿಸಿ ಮಾಡೋದು. ದಾರ ಅದನ್ನ ಕೂರೋಕೆ ಬಿಡ್ತಿಲ್ಲ. ನೀವೇ ಬಿಚ್ಚಿ, ಪೂಜೆ ದಾರಕ್ಕೆ ನಾನು ಕೈ ಹಾಕಲ್ಲ."

"ಅದು ತಾನಾಗೇ ಸವೆದು ಬೀಳಬೇಕು ಕಣಪ್ಪ. ನಿನ್ನೆ ತಾನೇ ಕಟ್ಟಿದೀನಿ. ನನ್ನ ಕೈಯಾರೆ ಹೆಂಗೆ ಬಿಚ್ಚಲಿ?"

ನೇಕಾರ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಹೆಂಗಸು ಒಮ್ಮೆ ಅವನ ಮುಖ ನೋಡಿದಳು. ಮತ್ತೆ ತಡಮಾಡದೆ ಗಂಟು ಬಿಚ್ಚಿ, ದಾರವನ್ನು ಕಣ್ಣಿಗೊತ್ತಿಕೊಂಡಳು.

ಈ ಸಲ ಲೋಟದಿಂದ ಹಬೆ ಎದ್ದಿತು. ಗಂಜಿಯೂ ಬೆಚ್ಚಗಾಯಿತು. ಸ್ವಲ್ಪ ಹೊತ್ತಿಗೆ ನೇಕಾರ ಖಾಲಿ ಬಟ್ಟಲಿನೊಂದಿಗೆ ಓಡಿಬಂದ. "ಪೂರ್ತಿ ಕುಡಿದಳಮ್ಮ" ಎಂದವನೇ ಅವಳಿಗೆ ಕೈಮುಗಿದ. ಅವಳು ರಿಪೇರಿಯವನಿಗೆ ಕೈಮುಗಿದಳು. ಅವನಿಗೆ ಸಂಕೋಚವಾಗಿ, ತನ್ನ ಸಾಮಾನಿನ ಚೀಲದಲ್ಲಿ ಏನೋ ಹುಡುಕತೊಡಗಿದ. ಅಂದು ಆ ಛತ್ರದಲ್ಲಿ ಯಾರ ಋಣ ಯಾರಿಗೆ ಎಂದು ಹೇಳುವುದೇ ಕಷ್ಟವಾಗಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಹಾಗಾದರೆ ಅವಳು ದಾರ ಕಟ್ಟಿದ್ದು ತಪ್ಪೇ, ಗುರುಗಳೇ?"

"ತಪ್ಪಲ್ಲಪ್ಪ, ಕಟ್ಟಿದಾಗ ಅರ್ಧ ಪೂಜೆಯಾಗಿತ್ತು, ಬಿಚ್ಚಿದಾಗ ಪೂರ್ತಿಯಾಯಿತು."