ನದಿಗೆ ಕಟ್ಟಿದ ಗೋಡೆ

ನದಿಯ ತಿರುವಿನಲ್ಲಿ ಸಿದ್ಧಯ್ಯ ಗುರುಗಳ ಆಶ್ರಮವಿತ್ತು. ಒಂದು ಮಳೆಗಾಲದಲ್ಲಿ ನೀರು ಉಕ್ಕಿ ಬಂದು ಆಶ್ರಮದ ದಡವನ್ನು ಕೊರೆದುಕೊಂಡು ಹೋಯಿತು.

ಶಿಷ್ಯ ನಾಗಿದೇವ ಕಳವಳಗೊಂಡ.

"ಗುರುಗಳೇ, ಹೀಗೇ ಬಿಟ್ಟರೆ ಒಂದು ದಿನ ಆಶ್ರಮವೂ ಹೋಗುತ್ತದೆ. ಕಲ್ಲಿನ ಗೋಡೆ ಕಟ್ಟೋಣ."

"ಮೊದಲು ಈ ದಡದಲ್ಲಿ ಏನಿತ್ತು?"

"ಏನೂ ಇರಲಿಲ್ಲ. ಬರೀ ಹುಲ್ಲು, ಪೊದೆ. ಸ್ನಾನಕ್ಕೆ ಇಳಿಯಲು ಅಡ್ಡಿಯಾಗುತ್ತಿತ್ತು. ಹೋದ ಬೇಸಿಗೆಯಲ್ಲಿ ನಾನೇ ಕಿತ್ತು ಚೊಕ್ಕಟ ಮಾಡಿದೆ."

"ಬರೀ ಹುಲ್ಲು" ಎಂದು ಗುರುಗಳು ತಮ್ಮಷ್ಟಕ್ಕೆ ಹೇಳಿಕೊಂಡರು. ಗೋಡೆ ಬೇಡವೆನ್ನಲಿಲ್ಲ.

ನಾಗಿದೇವ ಬೇಸಿಗೆಯುದ್ದಕ್ಕೂ ಕಲ್ಲು ಹೊತ್ತ. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಗೋಡೆಯೂ ಎದ್ದಿತು.

ಮಳೆ ಬಂತು, ನದಿ ಉಕ್ಕಿತು. ಗೋಡೆ ಕದಲಲಿಲ್ಲ. ನಾಗಿದೇವ ತೊಯ್ದ ಬಟ್ಟೆಯಲ್ಲೇ ಓಡಿಬಂದ.

"ಗುರುಗಳೇ, ನೀರು ಗೋಡೆಗೆ ಬಡಿದು ಹಿಂದಕ್ಕೆ ಹೋಯಿತು!"

"ಹಿಂದಕ್ಕೆ ಹೋಗಿ?"

"ಹೋಗಿ... ಕೆಳಗಡೆಗೆ ಹರಿಯಿತು."

"ಕೆಳಗಡೆ ಯಾರಿದ್ದಾರೆ?"

ನಾಗಿದೇವ ಅದನ್ನು ಯೋಚಿಸಿರಲಿಲ್ಲ.

ಮಳೆ ಬಿಟ್ಟ ಮೇಲೆ ಹೊನ್ನವ್ವ ಬಂದಳು. ಆಶ್ರಮದ ಕೆಳಗಡೆ, ಅದೇ ದಡದಲ್ಲಿ ಅವಳ ತರಕಾರಿ ತೋಟ. ಬಂದಾಗಲೆಲ್ಲ ಬುಟ್ಟಿ ತುಂಬ ಬದನೆಕಾಯಿ ತರುತ್ತಿದ್ದಳು. ಅಂದು ಮಡಿಲಲ್ಲಿ ನಾಲ್ಕಾರು ಕಾಯಿ ಇದ್ದವು.

"ಇಷ್ಟೇ ಸ್ವಾಮಿ. ಉಳಿದದ್ದೆಲ್ಲ ಹೊಳೆ ಪಾಲಾಯ್ತು. ನಾನು ಮದುವೆಯಾಗಿ ಬಂದಾಗಿನಿಂದ ಹೊಳೆ ನಮ್ಮ ತಂಟೆಗೆ ಬಂದಿರಲಿಲ್ಲ. ಈ ಸಲ ಯಾಕೋ ಸಿಟ್ಟಾಗಿದೆ."

ನಾಗಿದೇವ ತಲೆ ತಗ್ಗಿಸಿದ.

"ಹೊಳೆಗೆ ಸಿಟ್ಟಿಲ್ಲ ಅವ್ವಾ. ನಾನೇ ಅದನ್ನು ನಿಮ್ಮ ಕಡೆ ಅಟ್ಟಿದೆ."

ಹೊನ್ನವ್ವ ಗೋಡೆ ನೋಡಿದಳು. ಅವನ ಅಂಗೈ ನೋಡಿದಳು.

"ನಿಂಗೆ ಗೊತ್ತಿರಲಿಲ್ಲ, ಬಿಡಪ್ಪಾ. ಇದನ್ನ ಸಾರಿಗೆ ಹಾಕು, ಬಾಡಿ ಹೋಗ್ತದೆ."

ಊಟಕ್ಕೆ ಕುಳಿತಾಗ ನಾಗಿದೇವ ಬದನೆಕಾಯಿ ಸಾರನ್ನು ಪಕ್ಕಕ್ಕೆ ಸರಿಸಿದ.

"ಗುರುಗಳೇ, ಅವ್ವನ ದಡಕ್ಕೂ ಗೋಡೆ ಕಟ್ಟಿಕೊಡುತ್ತೇನೆ."

"ಅವಳ ತೋಟದ ಕೆಳಗೆ ಬೆಸ್ತರ ಕೇರಿ ಇದೆ."

"ಅಲ್ಲಿಗೂ ಕಟ್ಟುತ್ತೇನೆ."

"ಕಟ್ಟು. ಸಮುದ್ರ ಸಿಕ್ಕಿದಾಗ ಹೇಳಿ ಕಳಿಸು."

ಗುರುಗಳು ಕೈ ತೊಳೆದು, ಗುದ್ದಲಿ ಹೆಗಲಿಗೇರಿಸಿ, ಆಶ್ರಮದ ಹಿಂದಿನ ಹಳ್ಳಕ್ಕೆ ಇಳಿದರು. ಅಲ್ಲಿ ಲಾವಂಚದ ಹುಲ್ಲು ದಟ್ಟವಾಗಿ ಬೆಳೆದಿತ್ತು. ಒಂದು ಬುಡವನ್ನು ಅಗೆದು ತೆಗೆದು ಶಿಷ್ಯನ ಮುಂದೆ ಹಿಡಿದರು. ಹುಲ್ಲು ಅವನ ಸೊಂಟದವರೆಗಿತ್ತು. ಬೇರು ಅದಕ್ಕಿಂತ ಉದ್ದವಿತ್ತು.

"ಜಗ್ಗು" ಎಂದರು.

ನಾಗಿದೇವ ಬೇರು ಹಿಡಿದು ಜಗ್ಗಿದ. ಕೈ ಜಾರಿತೇ ಹೊರತು ಬೇರು ಹರಿಯಲಿಲ್ಲ.

ಗುರುಗಳು ಬುಡವನ್ನು ಸೀಳಿ ಸಸಿ ಮಾಡಿ, ಬುಟ್ಟಿಗೆ ತುಂಬಿಕೊಂಡು ಹೊನ್ನವ್ವನ ತೋಟದತ್ತ ನಡೆದರು. ಮೊಣಕಾಲುದ್ದ ಕೆಸರಲ್ಲಿ ನಿಂತು ನೆಡತೊಡಗಿದರು. ನಾಗಿದೇವನೂ ಇಳಿದ. ಹೊನ್ನವ್ವ ಲಕ್ಕಿ ಗಿಡದ ಕಡ್ಡಿಗಳನ್ನು ಕಡಿದು ತಂದಳು.

"ಇದನ್ನೂ ಚುಚ್ಚಿ. ಇದಕ್ಕೆ ಆರೈಕೆ ಬೇಡ, ತಾನೇ ಬದುಕ್ತದೆ."

ಮಳೆಗಾಲ ಕಳೆದ ಮೇಲೆ ನಾಗಿದೇವ ತನ್ನ ಗೋಡೆಯನ್ನು ತಾನೇ ಬಿಚ್ಚಿದ. ಗುರುಗಳು ಬಿಚ್ಚು ಎಂದಿರಲಿಲ್ಲ. ಕಡಿದಾಗಿದ್ದ ದಡವನ್ನು ಇಳಿಜಾರು ಮಾಡಿದ. ಕೆಲವು ಕಲ್ಲುಗಳನ್ನು ದಡದ ಬುಡದಲ್ಲಿ ಅರ್ಧ ಹೂತು, ಮೇಲೆಲ್ಲ ಲಾವಂಚ ನೆಟ್ಟ. ಸ್ನಾನಕ್ಕೆಂದು ಸಣ್ಣದೊಂದು ಕಾಲುದಾರಿ ಬಿಟ್ಟ.

ಹುಲ್ಲು ಬೆಳೆಯಿತು. ಒಂದು ಬೆಳಿಗ್ಗೆ ಆಮೆಯೊಂದು ನಿಧಾನವಾಗಿ ಇಳಿಜಾರು ಹತ್ತಿ ಬಂತು. ಗೋಡೆ ಇದ್ದಾಗ ಅದು ಬರುವಂತೆಯೇ ಇರಲಿಲ್ಲ. ನಾಗಿದೇವ ಅಂದು ಸ್ನಾನ ಮರೆತು ಅದನ್ನೇ ನೋಡುತ್ತ ಕುಳಿತ.

ಮುಂದೊಂದು ವರ್ಷ ಹಿಂದೆಂದೂ ಕಾಣದಂಥ ನೆರೆ ಬಂತು. ನೀರು ಹುಲ್ಲಿನ ಮೇಲೇರಿ, ಒಂದಿಷ್ಟು ಕಾಲ ನಿಂತು, ಇಳಿಯಿತು.

ನಾಗಿದೇವ ಓಡಿ ಹೋಗಿ ನೋಡಿದ. ಲಾವಂಚ ಮಲಗಿಬಿಟ್ಟಿತ್ತು. ಅಲ್ಲೊಂದು ಇಲ್ಲೊಂದು ಸಸಿ ಕೊಚ್ಚಿಹೋಗಿತ್ತು. ದಡ ಇದ್ದಲ್ಲೇ ಇತ್ತು. ಮೇಲೆ ಬೆರಳುದ್ದ ಹೊಸ ಮೆಕ್ಕಲು ಮಣ್ಣು.

ಕೆಳಗಡೆಯಿಂದ ಹೊನ್ನವ್ವ ಕೂಗಿದಳು. "ನಮ್ಮದು ಉಳೀತು! ನಿಮ್ಮದು?"

"ನಮ್ಮದೂ ಉಳಿಯಿತು ಅವ್ವಾ!"

ಗುರುಗಳು ಬಂದು ಮಲಗಿದ್ದ ಒಂದು ಬುಡವನ್ನು ಎತ್ತಿ ನಿಲ್ಲಿಸಿದರು. ನಾಗಿದೇವ ಕೇಳಿದ:

"ಗುರುಗಳೇ, ನದಿ ಮತ್ತೆ ಬಂದರೆ?"

"ಬಂದೇ ಬರುತ್ತದೆ. ಕೂರಲು ಜಾಗ ಕೊಟ್ಟಿದ್ದೀಯಲ್ಲ, ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತದೆ."