ಬೆನ್ನ ಹಿಂದೆ ನಿಂತು ಹೇಳಿದ ಪಾಠ

"ಗುರುಗಳೇ, ಎರಡು ವರ್ಷ ಓದಿದ್ದೇನೆ. ಪರೀಕ್ಷೆಯಲ್ಲೂ ತೇರ್ಗಡೆಯಾಗಿದ್ದೇನೆ. ಆದರೂ ವಿಶೇಷ ಮಕ್ಕಳಿಗೆ ಕಲಿಸುವ ಪರವಾನಗಿ ಬೇಕಾದರೆ ಇನ್ನೂ ಆರು ತಿಂಗಳು ಬೇರೆಯವರ ಕಣ್ಣೆದುರಿಗೆ ಪಾಠ ಮಾಡಿ ತೋರಿಸಬೇಕು ಎನ್ನುತ್ತೀರಿ. ನನ್ನ ಮೇಲೆ ನಿಮಗೇಕೆ ಇಷ್ಟು ಸಂಶಯ?"

ಮುರಿಗೆಪ್ಪ ಎಂಬ ಶಿಷ್ಯ ಹೀಗೆ ಕೇಳಿದಾಗ ಗುರುಗಳು ತರಬೇತಿ ಶಾಲೆಯ ಜಗಲಿಯ ಮೇಲೆ ಕೂತಿದ್ದರು. ಅವನನ್ನೂ ಕೂರಲು ಹೇಳಿ, ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಮಗಳು ನೀಲವ್ವನಿಗೆ ಏಳು ವರ್ಷವಾದರೂ ಮಾತು ಬಂದಿರಲಿಲ್ಲ. ಕಿವಿ ಕೇಳಿಸುವುದಿಲ್ಲವೇನೋ ಎಂದು ಕೆಲವರು ಅಂದರು. ಆದರೆ ಅಪ್ಪ ಮಗ್ಗ ನಿಲ್ಲಿಸಿದರೆ ಸಾಕು, ಒಳಮನೆಯಲ್ಲಿದ್ದ ಹುಡುಗಿ ಎದ್ದು ಬರುತ್ತಿದ್ದಳು. ಹಾಗಾಗಿ ಕಿವಿ ಸರಿಯಾಗಿಯೇ ಇದೆ, ಬುದ್ಧಿ ಮಂದ ಎಂದು ಊರವರು ತೀರ್ಮಾನಿಸಿದರು.

ನೇಕಾರ ಯಾರನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ಹಿಂದೊಮ್ಮೆ ಒಬ್ಬಾತ ಬಂದು, ನಾಲಿಗೆಗೆ ಬಜೆ ತೇಯ್ದು ಹಚ್ಚಿದರೆ ನಲವತ್ತು ದಿನಕ್ಕೆ ಮಾತು ಬರುತ್ತದೆ ಎಂದಿದ್ದ. ಮಗುವಿನ ಬಾಯಿ ಹುಣ್ಣಾಯಿತು. ಆತ ಮೂವತ್ತೊಂಬತ್ತನೆಯ ದಿನ ಊರು ಬಿಟ್ಟ. ಅಂದಿನಿಂದ ಯಾರಾದರೂ ಮಗಳ ತಲೆ ಸವರಿದರೂ ಸಾಕು, ಇವರಿಗೆ ಏನು ಬೇಕಾಗಿದೆ ಎಂದು ನೇಕಾರನ ಮನಸ್ಸು ಕೇಳುತ್ತಿತ್ತು.

ಆ ಊರಿನ ಶಾಲೆಗೆ ಒಬ್ಬ ತರುಣ ಶಿಕ್ಷಕ ಬಂದ. ವಿಶೇಷ ಮಕ್ಕಳಿಗೆ ಕಲಿಸುವ ತರಬೇತಿ ಪಡೆದವನು. ಪರವಾನಗಿ ಇನ್ನೂ ಕೈಸೇರಿರಲಿಲ್ಲ. ಆರು ತಿಂಗಳು ಕಲಿಸಬೇಕು, ಪರೀಕ್ಷಕರು ಬಂದು ಪಾಠ ನೋಡಬೇಕು, ಹೆತ್ತವರನ್ನು ವಿಚಾರಿಸಬೇಕು, ಆಮೇಲೆ ಸಹಿ. ಶಿಕ್ಷಕ ಇದನ್ನು ಮುಚ್ಚಿಡದೆ ನೇಕಾರನಿಗೆ ಹೇಳಿದ. ನೇಕಾರನ ಸಂಶಯ ಅದರಿಂದ ಇನ್ನಷ್ಟು ಬಲಿಯಿತು. ಇವನು ತನ್ನ ಪರೀಕ್ಷೆಗೆ ನನ್ನ ಮಗಳನ್ನು ಹುಡುಕಿಕೊಂಡು ಬಂದಿದ್ದಾನೆ ಅಂದುಕೊಂಡ. ಆದರೂ ಕಳಿಸಿದ, ಏಕೆಂದರೆ ಕಲಿಸುತ್ತೇನೆಂದು ಬೇರೆ ಯಾರೂ ಬಂದಿರಲಿಲ್ಲ. ಪಾಠದ ಹೊತ್ತಿಗೆ ತಾನೂ ಹೋಗಿ ಕಿಟಕಿಯ ಹೊರಗೆ ನಿಲ್ಲುತ್ತಿದ್ದ.

ಶಿಕ್ಷಕ ಗದರುವವನಲ್ಲ, ಬೇಸರಪಡುವವನೂ ಅಲ್ಲ. ಹುಡುಗಿಯ ಮುಂದೆ ಬಟ್ಟಲು, ಬೀಗ, ಬಾಚಣಿಗೆ, ಮಗ್ಗದಲ್ಲಿ ನೂಲು ಹಾಯಿಸುವ ಲಾಳಿ ಇಟ್ಟು ಎದುರಿಗೆ ಕೂರುತ್ತಿದ್ದ. "ಲಾಳಿ" ಎಂದರೆ ಅವಳು ಲಾಳಿ ಎತ್ತಿಕೊಡುತ್ತಿದ್ದಳು. ಐದು ತಿಂಗಳು ಮುಗಿಯುವಷ್ಟರಲ್ಲಿ ಮೂವತ್ತು ವಸ್ತುಗಳನ್ನು ಹೀಗೆ ಎತ್ತಿಕೊಟ್ಟಳು. ಊರವರು ಬಂದು ನೋಡಿ ತಲೆದೂಗಿದರು. ಮಾತು ತಿಳಿಯುತ್ತಿದೆ, ಇನ್ನು ಆಡುವುದೊಂದೇ ಬಾಕಿ ಎಂದು ಶಿಕ್ಷಕ ಹೇಳಿದ.

ನೇಕಾರನಿಗೆ ಸಂತೋಷವಾಯಿತು. ಆದರೆ ಮನೆಯಲ್ಲಿ ಅವನು ಮಗ್ಗದ ಮೇಲೆ ಬಗ್ಗಿಕೊಂಡೇ "ಲಾಳಿ ಕೊಡವ್ವಾ" ಅಂದರೆ ಮಗಳು ಕದಲುತ್ತಿರಲಿಲ್ಲ. ಹಾಗಾದರೆ ಶಾಲೆಯಲ್ಲಿ ನಡೆಯುತ್ತಿರುವುದೇನು? ಇವನೂ ಏನೋ ಕೈಚಳಕ ಮಾಡುತ್ತಿದ್ದಾನೆ ಎಂದು ನೇಕಾರ ನಿಶ್ಚಯಿಸಿದ. ಕಿಟಕಿಯಲ್ಲಿ ನಿಂತು ಮಗಳನ್ನು ನೋಡುವುದು ಬಿಟ್ಟು ಶಿಕ್ಷಕನನ್ನೇ ನೋಡತೊಡಗಿದ. ನಾಲ್ಕು ದಿನ ಏನೂ ಕಾಣಲಿಲ್ಲ. ಐದನೆಯ ದಿನ ಕಂಡಿತು. ಬಾಯಿಂದ ಮಾತು ಹೊರಡುವ ಮೊದಲೇ ಶಿಕ್ಷಕನ ಕಣ್ಣು ಆ ವಸ್ತುವಿನ ಮೇಲೆ ಹೋಗುತ್ತಿತ್ತು. ಹುಡುಗಿ ಆ ಕಣ್ಣನ್ನೇ ನೋಡುತ್ತಿದ್ದಳು.

ನೇಕಾರ ಒಳಗೆ ಹೋದ. "ಮೇಷ್ಟ್ರೇ, ಒಂದು ಸಲ ಅವಳ ಬೆನ್ನ ಹಿಂದೆ ನಿಂತು ಹೇಳಿ" ಎಂದ.

ಶಿಕ್ಷಕ ನಗುತ್ತಲೇ ಹೋಗಿ ನಿಂತ. "ಬಟ್ಟಲು" ಎಂದ. ಹುಡುಗಿ ಸುಮ್ಮನೆ ಕೂತಿದ್ದಳು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ. ಕೂಗಿಯೂ ಹೇಳಿದ. ಸ್ವಲ್ಪ ಹೊತ್ತಾದ ಮೇಲೆ ಮೇಷ್ಟ್ರು ಎಲ್ಲಿ ಹೋದರೆಂದು ಹುಡುಗಿ ತಿರುಗಿ ನೋಡಿದಳು. ಅವನು ಕಂಡದ್ದಕ್ಕೆ ನಕ್ಕಳು.

ಶಿಕ್ಷಕನ ಮುಖ ಕಪ್ಪಿಟ್ಟಿತು. ನೇಕಾರ ಆ ಮುಖವನ್ನೇ ದಿಟ್ಟಿಸಿದ. ಮೋಸ ಮಾಡಿ ಸಿಕ್ಕಿಬಿದ್ದವನ ಮುಖ ಅದಲ್ಲ. ತನ್ನ ಕಣ್ಣು ಏನು ಮಾಡುತ್ತಿದೆ ಎಂಬುದು ಈ ಗಳಿಗೆಯವರೆಗೆ ಇವನಿಗೂ ತಿಳಿದಿರಲಿಲ್ಲ.

"ಮಗ್ಗ ನಿಂತರೆ ಎದ್ದು ಬರುತ್ತಾಳೆ ಅಂದಿದ್ದಿರಿ" ಎಂದ ಶಿಕ್ಷಕ, ಮೆಲ್ಲಗೆ.

ನೇಕಾರ ಯೋಚಿಸಿದ. ಮಗ್ಗದ ಏಟು ನೆಲಕ್ಕೆ ತಾಗುತ್ತದೆ. ಆ ಅದುರು ನಿಂತದ್ದು ಅವಳ ಬರಿಗಾಲಿಗೆ ತಿಳಿಯುತ್ತಿತ್ತು. ಇಷ್ಟು ವರ್ಷ ಅವನಿಗೇ ಇದು ಹೊಳೆದಿರಲಿಲ್ಲ.

ಪರೀಕ್ಷಕರು ಬರಲು ಎಂಟು ದಿನ ಉಳಿದಿತ್ತು. ಶಿಕ್ಷಕ ನಮ್ಮ ಮನೆಗೆ ಬಂದು, ಇದನ್ನು ಯಾರಿಗೂ ಹೇಳಬೇಡಿ ಎಂದು ಬೇಡಿಕೊಳ್ಳುತ್ತಾನೆ ಎಂದು ನೇಕಾರ ಕಾದ. ಶಿಕ್ಷಕ ಬರಲಿಲ್ಲ. ಹಾಗಿದ್ದರೆ ಪರೀಕ್ಷಕರನ್ನೇ ಬುಟ್ಟಿಗೆ ಹಾಕಿಕೊಂಡಿರಬೇಕು ಎಂದುಕೊಂಡ.

ಪರೀಕ್ಷಕರು ಬಂದ ದಿನ ಊರವರೆಲ್ಲ ಸೇರಿದರು. ಶಿಕ್ಷಕ ವಸ್ತುಗಳನ್ನು ಜೋಡಿಸಿ, ಹುಡುಗಿಯನ್ನು ಕೂರಿಸಿ, ತಾನಾಗಿ ಅವಳ ಬೆನ್ನ ಹಿಂದೆ ಹೋಗಿ ನಿಂತ. ಹತ್ತು ಹೆಸರು ಹೇಳಿದ. ಅವಳು ಒಂದನ್ನೂ ಎತ್ತಲಿಲ್ಲ.

"ಐದು ತಿಂಗಳಿಗೂ ಹೆಚ್ಚು ಕಾಲ ನಾನು ತಪ್ಪು ಪಾಠ ಮಾಡಿದೆ" ಎಂದ ಅವನು ಪರೀಕ್ಷಕರಿಗೆ. "ಈ ಮಗುವಿಗೆ ಕಿವಿ ಕೇಳಿಸುವುದಿಲ್ಲ. ಬುದ್ಧಿ ಬಹಳ ಚುರುಕು. ಇವಳಿಗೆ ಬೇಕಾದದ್ದು ಕೈಸನ್ನೆಯ ಭಾಷೆ. ಅದು ನನಗೆ ಬರುವುದಿಲ್ಲ."

ಪರೀಕ್ಷಕರು ಸಹಿ ಹಾಕಲಿಲ್ಲ. ಕಿವುಡು ಮಕ್ಕಳ ಶಾಲೆಯಲ್ಲಿ ಒಂದು ವರ್ಷ ಕಲಿತು ಬಾ ಎಂದರು. ಆಮೇಲೆ ನಿಯಮದಂತೆ ನೇಕಾರನ ಕಡೆ ತಿರುಗಿ, ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರು.

ಈ ತಪ್ಪೊಪ್ಪಿಗೆಯಲ್ಲೂ ಏನಾದರೂ ಹೂಟ ಇರಬಹುದೇ ಎಂದು ನೇಕಾರ ಮನಸ್ಸಿನಲ್ಲೇ ಹುಡುಕಿದ. ಏನೂ ಸಿಗಲಿಲ್ಲ.

"ಇವರು ಕಲಿತು ಬರಲಿ. ಮಗಳನ್ನು ಇವರ ಹತ್ತಿರವೇ ಕಳಿಸುತ್ತೇನೆ. ಆದರೆ ಕಿಟಕಿಯಲ್ಲಿ ನಾನು ನಿಂತೇ ಇರುತ್ತೇನೆ."

"ಒಳಗೇ ಬಂದು ಕೂರಿ, ಯಜಮಾನರೇ" ಎಂದ ಶಿಕ್ಷಕ.

ಒಂದು ವರ್ಷ ಕಳೆದು ಅವನು ಬಂದ. ಅಪ್ಪ, ಮಗಳು ಜೊತೆಗೇ ಕೂತು ಕೈಸನ್ನೆ ಕಲಿತರು. ನಾಲ್ಕನೆಯ ತಿಂಗಳು ನೀಲವ್ವ ಅಪ್ಪನನ್ನು ಮೊದಲ ಪ್ರಶ್ನೆ ಕೇಳಿದಳು. ಅಮ್ಮ ಎಲ್ಲಿ? ಅವಳ ತಾಯಿ ತೀರಿಹೋಗಿ ಆಗ ಮೂರು ವರ್ಷ. ಅದನ್ನು ಅವಳಿಗೆ ತಿಳಿಸುವ ದಾರಿ ಯಾರ ಹತ್ತಿರವೂ ಇರಲಿಲ್ಲ. ನೇಕಾರ ಕೈಸನ್ನೆಯಲ್ಲೇ ಉತ್ತರ ಹೇಳಿದ. ಅಷ್ಟು ದಿನ ಅಮ್ಮ ಬರುತ್ತಾಳೆಂದು ಬಾಗಿಲು ಕಾಯುತ್ತಿದ್ದ ಹುಡುಗಿ ಅಂದು ತಾಯಿಗಾಗಿ ಅತ್ತಳು.

ಗುರುಗಳು ಕತೆ ನಿಲ್ಲಿಸಿದರು.

"ಆ ಶಿಕ್ಷಕನಿಗೆ ಪರವಾನಗಿ ಸಿಕ್ಕಿತೇ?" ಎಂದು ಕೇಳಿದ ಮುರಿಗೆಪ್ಪ.

"ಸಿಕ್ಕಿತು."

"ನನ್ನ ಪಾಠದಲ್ಲಿ ಅಂಥ ತಪ್ಪು ಇಲ್ಲ, ಗುರುಗಳೇ. ನೀವು ನಂಬಬಹುದು."

ಗುರುಗಳು ಅವನ ಮುಖ ನೋಡಿ ಕೇಳಿದರು: "ನಿನ್ನ ಪಾಠದ ಮೇಲೆ ನಿನಗೇ ಸಂಶಯ ಬಂದದ್ದು ಯಾವ ದಿನ, ಹೇಳು."