ದೊರೆ ನೆನೆದ ಕಂಬಳಿ

ಕಲ್ಲುಗುಡ್ಡಗಳ ಸೀಮೆಯಲ್ಲಿ ಹುರುಳಿಹಾಳು ಅಂತ ಒಂದೂರಿತ್ತು, ಮಕ್ಕಳೇ. ನೆಲ ಬರಡು, ಕುರಿ ಜಾಸ್ತಿ. ಆ ಊರಿನ ಕಂಬಳಿಗೆ ಏಳು ರಾಜ್ಯದಲ್ಲಿ ಹೆಸರು. ಸಂತೆಯಲ್ಲಿ ಕುರಿಗಾಹಿಗಳು ಕಂಬಳಿಯ ನಾಲ್ಕು ಮೂಲೆ ಹಿಡಿದು ಒಂದು ಕೊಡ ನೀರು ಸುರಿಯೋರು. ಒಂದು ಹನಿ ಕೆಳಗೆ ಬಿದ್ದರೂ ನೇಯ್ದವರಿಗೆ ಮಂಗಳಾರತಿ!

ಅಲ್ಲಿ ಹಾಲಪ್ಪ ಅನ್ನೋ ನೇಕಾರ. ಎದುರುಮನೆ ಕೆಂಚವ್ವನೂ ನೇಯುವವಳೇ.

"ಇದು ಕಂಬಳಿಯೇನೋ ತಮ್ಮ, ಮೀನಿನ ಬಲೆಯೇನೋ?" ಅಂತ ಅವಳು ಅಣಕಿಸೋಳು. ಇವನು ಹಟಕ್ಕೆ ಬಿದ್ದು ಬಿಗಿಯಾಗಿ ನೇಯೋನು. ಅದನ್ನು ನೋಡಿ ಅವಳು ತನ್ನದನ್ನು ಬಿಚ್ಚಿ ಮತ್ತೆ ನೇಯೋಳು.

ಪಕ್ಕದ ರಾಜ್ಯದ ದೊರೆಗೆ ಹೊಟ್ಟೆಯುರಿ. ಮೊದಲು ಆ ಊರಿನ ಅರ್ಧ ಕುರಿ ಹೊಡೆಸಿಕೊಂಡು ಹೋದ. ನೇಯಿಸಿದ, ಸೋರಿತು. ಆಮೇಲೆ ಹಾಲಪ್ಪನ ಮಗ್ಗ ಹೊರಿಸಿಕೊಂಡು ಹೋದ, ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯನ್ನೂ ಬಿಡಲಿಲ್ಲ. ಸೋರಿತು. ಕೊನೆಗೆ ಹಾಲಪ್ಪನನ್ನೇ ಕಟ್ಟಿಸಿ ಒಯ್ದ.

"ಸೋರದ ಕಂಬಳಿ ನೇಯೋ ತನಕ ಊರಿನ ಹೆಸರೆತ್ತಬೇಡ!"

ಜೊತೆಗೆ ಡಂಗುರ ಬೇರೆ: ಅರಮನೆಯ ಕಂಬಳಿಯಲ್ಲಿ ತಪ್ಪು ಹುಡುಕಿದವರಿಗೆ ಗಡೀಪಾರು.

ಹಾಲಪ್ಪ ನೇಯ್ದ. ಎಲ್ಲರೂ "ಆಹಾ" ಅಂದರು. ಮತ್ತೊಂದು ನೇಯ್ದ. "ಓಹೋ" ಅಂದರು. ತಪ್ಪು ತೋರಿಸೋರಿಲ್ಲ, ಪೈಪೋಟಿಗೆ ಎದುರುಮನೆಯಿಲ್ಲ. ಕೈ ತಾನಾಗೇ ಸಡಿಲಾಯಿತು. ದೊರೆ ಕಂಬಳಿ ಹೊದ್ದು ಮಳೆಗೆ ಹೋದಾಗಲೆಲ್ಲ ನೆನೆದು ಬಂದ. ಹೀಗೇ ವರ್ಷ ಕಳೆಯಿತು. ಹಾಲಪ್ಪ ಊರಿನ ದಿಕ್ಕಿಗೆ ಮುಖ ಮಾಡಿ ಅಳೋನು.

ಒಂದು ದಿನ ಕೆಂಚವ್ವ ಕೋಲೂರಿಕೊಂಡು ಆಸ್ಥಾನಕ್ಕೇ ಬಂದಳು.

"ದೊರೆ, ಒಂದು ಪಂಥ. ಇವನ ಕಂಬಳಿ ಸೋರುತ್ತೆ ಅಂತ ನಿಮ್ಮ ಆಸ್ಥಾನದವರಲ್ಲಿ ಒಬ್ಬರಾದರೂ ಹೇಳಿದರೆ ನಾನೂ ಇಲ್ಲೇ ಕೂತು ನೇಯ್ತೀನಿ. ಯಾರೂ ಹೇಳದಿದ್ದರೆ ನಮ್ಮ ಕುರಿ, ಮಗ್ಗ, ಹುಡುಗ, ಮೂರನ್ನೂ ಬಿಡಬೇಕು."

ದೊರೆ ನಕ್ಕ. ಸೋರೋದು ಅವನಿಗೆ ಗೊತ್ತಲ್ಲ! "ಆಗಲಿ, ಮಾತು ಕೊಟ್ಟೆ."

ಕೆಂಚವ್ವ ಕಂಬಳಿಯನ್ನು ದೊರೆಯ ತಲೆ ಮೇಲೇ ಹಿಡಿಸಿ ನೀರು ಸುರಿದಳು. ಮೀಸೆಯಿಂದ ನೀರು ತೊಟ್ಟಿಕ್ಕಿತು.

"ಮಂತ್ರಿಗಳೇ, ಸೋರ್ತಿದೆಯಾ?"

"ಛೆ! ಪ್ರಭುಗಳು ಬೆವರಿದ್ದಾರೆ."

"ದಳವಾಯಿಗಳೇ?"

"ಒಂದು ಹನಿಯೂ ಕಾಣೆ."

"ಪುರೋಹಿತರೇ?"

"ಆನಂದಬಾಷ್ಪವಮ್ಮ, ಆನಂದಬಾಷ್ಪ!"

"ನಿಜ ಹೇಳ್ರಯ್ಯಾ!" ಅಂತ ದೊರೆ ಚೀರಿದ. ಗಡೀಪಾರು ಮಾಡೋಕೆ ಇದೂ ಒಂದು ಪರೀಕ್ಷೆಯಿರಬೇಕು ಅಂತ ಎಲ್ಲರೂ ಸೋರಿಲ್ಲ, ಸೋರಿಲ್ಲ ಅಂತ ಇನ್ನೂ ಜೋರಾಗಿ ತಲೆಯಾಡಿಸಿದರು. ಕೊಟ್ಟ ಮಾತು ಕೊಟ್ಟಾಗಿತ್ತು.

ಕುರಿ, ಮಗ್ಗದ ಜೊತೆ ಊರಿಗೆ ಮರಳುವ ದಾರಿಯಲ್ಲಿ ಹಾಲಪ್ಪ ಕೇಳಿದ, "ಅಕ್ಕಾ, ನನಗೋಸ್ಕರ ಇಷ್ಟು ದೂರ ನಡೆದು ಬಂದ್ಯಾ?"

"ನಿನಗೋಸ್ಕರ ಯಾರು ಬಂದರು? ನೀನು ಹೋದಮೇಲೆ ನನ್ನ ಕಂಬಳಿಯೂ ಸೋರೋಕೆ ಶುರುವಾಯ್ತು ಕಣೋ. ಯಾರನ್ನು ನೋಡಿ ನೇಯಲಿ?"

ಅವಳು ಬುತ್ತಿ ಬಿಚ್ಚಿ ರೊಟ್ಟಿ ಮುರಿದಳು. ದೊಡ್ಡ ತುಂಡನ್ನು ಅವನ ಕೈಗಿಟ್ಟಳು.

ಕೇಳಿದಿರಾ ಮಕ್ಕಳೇ? ಒಂದು ನಾಡಿನ ಕಸುಬು ಬರೀ ಕುರಿ, ಮಗ್ಗದಲ್ಲಿ ಇರೋದಿಲ್ಲ. ತಪ್ಪು ತೋರಿಸುವ ಗಿರಾಕಿ, ಪೈಪೋಟಿಗೆ ನಿಲ್ಲುವ ನೆರೆಯವರು ಇದ್ದ ಕಡೆ ಅದು ಬೆಳೆಯುತ್ತದೆ. ಅದನ್ನು ಯಾವ ದೊರೆಯೂ ಹೊತ್ತುಕೊಂಡು ಹೋಗಲಾರ.